ಬೊಜ್ಜದ ವಿಡಿಯೋದಲ್ಲಿ ಅಮ್ಮನ ಮುಖವೇ ಬೇರೆ

ಮಾನ್ಯ ಸಂಪಾದಕರೇ,

ಈಗ ನಮ್ಮ ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆ ಬೊಜ್ಜಕ್ಕೆ, ಅಂದ್ರೆ ತೀರಿಹೋದವ್ರ ಉತ್ತರಕ್ರಿಯೆಗೆ, ಫ್ಲೆಕ್ಸ್ ಒಂದೇ ಸಾಲೂದಿಲ್ಲ, ಊಟದ ಹಾಲ್‌ನಲ್ಲಿ ಟಿವಿ ಇಟ್ಟು ತೀರಿಹೋದವ್ರ ಫೋಟೋ ವಿಡಿಯೋ ಬಿಡ್ಬೇಕು ಅಂತ ಆಗಿದೆ. ಅದು ತಪ್ಪು ಅಂತ ಬರೀತಿಲ್ಲ ನಾನು, ನಾವೂ ಅಮ್ಮಂದು ಮಾಡಿಸಿದ್ವಿ, ಅದ್ರಲ್ಲಿ ಆದ ಎಡವಟ್ಟು ಹೇಳ್ಬೇಕು ಅಂತ ಅಷ್ಟೆ.

ಅಮ್ಮ ಬೀಡಿ ಕಟ್ಟಿಯೇ ನಮ್ಮನ್ನು ಓದಿಸಿದವ್ರು. ಫೋಟೋಕ್ಕೆ ಬನ್ನಿ ಅಂದ್ರೆ ಮಡಿಲಲ್ಲಿ ತಡ್ಪೆ (ಬೀಡಿ ಕಟ್ಟುವ ಮೊರ) ಉಂಟಲ್ಲ, ಮತ್ತೆ ಬರ್ತೇನೆ ಅಂತಿದ್ರು. ಹಾಗಾಗಿ ಇದ್ದದ್ದು ಬೀಡಿ ಕಾರ್ಡಿನ (ಬೀಡಿ ಕಾರ್ಮಿಕರ ಗುರುತು ಚೀಟಿಯ) ಒಂದು ಸಣ್ಣ ಕಪ್ಪುಬಿಳುಪು, ವೋಟರ್ ಕಾರ್ಡಿಂದು ಒಂದು, ಅದ್ರಲ್ಲಿ ಯಾರೂ ಅವ್ರ ಹಾಗೆ ಕಾಣೂದಿಲ್ಲ ಬಿಡಿ, ಉಳಿದದ್ದೆಲ್ಲ ಬೇರೆಯವ್ರ ಮದುವೆ ಆಲ್ಬಮ್ಮಲ್ಲಿ ಕೊನೇ ಸಾಲಿನ ಮೂಲೆಯಲ್ಲಿ ನಿಂತದ್ದು. ಎಲ್ರೂ ಮೊಬೈಲಲ್ಲಿ ಆಲ್ಬಮ್ಮಿನ ಫೋಟೋ ತೆಗ್ದು ವಾಟ್ಸಪ್ಪಿಗೆ ಹಾಕಿದ್ರು, ನಾನು ಅದನ್ನೇ ಸ್ಟುಡಿಯೋಕ್ಕೆ ಫಾರ್ವರ್ಡ್ ಮಾಡಿದೆ. ಅಲ್ಲೇ ನನ್ನ ತಪ್ಪು ಶುರು. ವಾಟ್ಸಪ್ಪಲ್ಲಿ ಫೋಟೋ ಅಂತ ಕಳಿಸಿದ್ರೆ ಅದು ಸೈಜ್ ಇಳಿಸ್ತದೆ, ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಇದ್ದ ಹಾಗೇ ಹೋಗ್ತದೆ ಅಂತ ಮತ್ತೆ ಗೊತ್ತಾದದ್ದು. ಆಲ್ಬಮ್ ಹಿಡ್ಕೊಂಡು ಹೋಗಿ 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿಸಿದ್ರೆ ಒಂದು ಸಾಧಾರಣ 4×6 ಇಂಚಿನ ಫೋಟೋವೇ 2400×3600 ಪಿಕ್ಸೆಲ್ ಬರ್ತದೆ, ಟಿವಿಗೆ ಧಾರಾಳ ಸಾಕು.

ಬೊಜ್ಜದ ದಿನ ವಿಡಿಯೋ ಶುರು ಆಯ್ತು, ಎಲ್ಲ ಕಡೆ ಹಾಕುವ ಅದೇ ಕೊಳಲು. ಸಾಫ್ಟ್‌ವೇರ್ ತನ್ನಷ್ಟಕ್ಕೇ ಫೋಟೋವನ್ನು ಮೆಲ್ಲ ಝೂಮ್ ಮಾಡ್ತದೆ ಅಲ್ವಾ, ಅದು ಹೆಚ್ಚಾಗಿ ಫೋಟೋದ ನಡುವಿಗೇ ಹೋಗ್ತದೆ. ನಡುವಲ್ಲಿ ಇದ್ದದ್ದು ಮದುಮಗ. ಅಮ್ಮ ಮೂಲೆಯಿಂದ ಮೆಲ್ಲ ಮೆಲ್ಲ ಸ್ಕ್ರೀನಿನ ಹೊರಗೆ ಹೋದ್ರು, ಇನ್ನೂ ಬದುಕಿರುವ ನಮ್ಮ ಭಾವನ ಮುಖ ಟಿವಿ ತುಂಬಾ! ಭಾವನೂ ಅಲ್ಲೇ ಊಟಕ್ಕೆ ಕೂತಿದ್ದ, ತಲೆ ಎತ್ಲಿಲ್ಲ ಪಾಪ.

ಅದಾದ ಮೇಲೆ ಬೀಡಿ ಕಾರ್ಡಿನ ಫೋಟೋ. ಮಸುಕಾಗಿದೆ ಅಂತ ಎಐ ಹಾಕಿ ಕ್ಲಿಯರ್ ಮಾಡಿದ್ರಂತೆ. ಅದು ಇಲ್ಲದ್ದನ್ನು ಎಲ್ಲಿಂದ ತರ್ತದೆ, ಸಾವಿರಾರು ಬೇರೆ ಮುಖ ನೋಡಿ ಕಲ್ತದ್ದನ್ನು ಅಂದಾಜಿಗೆ ತುಂಬಿಸ್ತದೆ ಅಷ್ಟೆ. ನುಣುಪು ಕೆನ್ನೆ, ಸಾಲಾಗಿ ಹಲ್ಲು, ಮೂಗುಬೊಟ್ಟೇ ಇಲ್ಲ. ಚಿಕ್ಕಮ್ಮ ನನ್ನ ಹತ್ರ ಬಂದು ಮೆಲ್ಲ ಕೇಳಿದ್ರು, ಇದು ಯಾರು ಮಗಾ ಅಂತ.

ಕನ್ನಡದ ಕಥೆ ಬೇರೆ. ಶ್ರದ್ಧಾಂಜಲಿ ಅಂತ ಇರ್ಬೇಕಾದಲ್ಲಿ ಒತ್ತಕ್ಷರ ಎಲ್ಲ ಬಿಡಿ ಬಿಡಿ ಆಗಿ ಶ್‌ರದ್‌ಧಾಂಜಲಿ ಅಂತ ಬಂದಿತ್ತು. ಎಡಿಟ್ ಮಾಡುವ ಹುಡುಗ ಮಲಯಾಳಂ ಮೀಡಿಯಂನಲ್ಲಿ ಓದಿದವ, ಅವ್ನಿಗೆ ಅದು ತಪ್ಪು ಅಂತ ಹೇಗೆ ಗೊತ್ತಾಗ್ಬೇಕು, ಬೈಲಿಕ್ಕೆ ನನಗೆ ಬಾಯಿ ಬರ್ಲಿಲ್ಲ. ಅಮ್ಮ ಹುಟ್ಟುವಾಗ ನಮ್ಮೂರು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, 1956ರಲ್ಲಿ ಕೇರಳ ಆಯ್ತು, ರೇಷನ್ ಕಾರ್ಡೆಲ್ಲ ಮಲಯಾಳಂ ಆದ್ರೂ ಅವ್ರು ಓದ್ತಿದ್ದದ್ದು ನಿಮ್ಮ ಪೇಪರ್ ಮಾತ್ರ, ಅದೂ ನಿಧನ ಸುದ್ದಿಯಿಂದ ಶುರು ಮಾಡಿ. ಅವ್ರ ಹೆಸರಿನ ಕೆಳಗೇ ಕನ್ನಡ ಹಾಗೆ ಒಡ್ದು ಬಿದ್ದದ್ದು ನೋಡ್ಲಿಕ್ಕೆ ಆಗ್ಲಿಲ್ಲ.

ಆಮೇಲೆ ಅಕ್ಕನ ಮಗ ಮನೆಯಲ್ಲೇ ಕೂತು ಸರಿ ಮಾಡಿದ. ಫೋನಲ್ಲಿ ಕನ್ನಡ ಟೈಪ್ ಮಾಡಿ ಅದನ್ನು ಚಿತ್ರವಾಗಿ ಸೇವ್ ಮಾಡಿ ವಿಡಿಯೋ ಮೇಲೆ ಇಟ್ಟ, ಚಿತ್ರ ಆದ್ಮೇಲೆ ಅಕ್ಷರ ಒಡೆಯೂದಿಲ್ಲವಲ್ಲ. ಝೂಮ್ ಎಲ್ಲ ತೆಗ್ದು ಅಮ್ಮ ಇರುವ ಮೂಲೆಯನ್ನೇ ಕತ್ತರಿಸಿ ಇಟ್ಟ, ಮಸುಕು ಮಸುಕಾಗಿಯೇ ಉಂಟು. ಅಮ್ಮ ತೀರಿಹೋಗಿ ವರ್ಷ ಆಗುವಾಗ ಮಾಡುವ ವರ್ಷಾಂತಕ್ಕೆ ಅದನ್ನೇ ಹಾಕ್ತೇವೆ.

ಸ್ಟುಡಿಯೋದವ್ರ ಹತ್ರ ನಂದು ಒಂದೇ ಕೇಳಿಕೆ. ಮುಖ ತಿದ್ದುವ ಮೊದ್ಲು ಮನೆಯವ್ರಿಗೆ ಒಮ್ಮೆ ತೋರ್ಸಿ, ಕನ್ನಡ ಬರೆದದ್ದನ್ನು ಕನ್ನಡ ಓದ್ಲಿಕ್ಕೆ ಬರುವ ಒಬ್ಬರ ಹತ್ರ ಓದಿಸಿ, ಎರಡು ನಿಮಿಷದ ಕೆಲ್ಸ. ಎರಡೇ ದಿನ ಕೊಟ್ಟು ಗಡಿಬಿಡಿ ಮಾಡಿದ್ದು ನಾವೇ, ಅದನ್ನೂ ಒಪ್ಕೊಳ್ತೇನೆ. ಸಾವಿನ ಮನೆ ಅಂತ ಅವ್ರು ದುಡ್ಡೂ ಕಡಿಮೆ ತಗೊಂಡಿದ್ರು.

– ಓರ್ವ ಓದುಗ, ಬದಿಯಡ್ಕ