ನಡೆದು ಹೋಗುವವರ ಪರವಾಗಿ ನಮ್ಮ ಶಾಸಕರಿಗೆ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ಬೆಂಗಳೂರಿನ ನಿಮ್ಮ ಕ್ಷೇತ್ರದ ಮತದಾರ. ನನ್ನ ಓಡಾಟವೆಲ್ಲ ಬಸ್ಸು, ಮೆಟ್ರೊ, ಉಳಿದಂತೆ ಕಾಲ್ನಡಿಗೆ. ಈ ಪತ್ರ ಫುಟ್‌ಪಾತ್ ಬಗ್ಗೆ.

ಇದು ಕಾರ್ಪೊರೇಟರ್‌ಗೆ ಹೇಳಬೇಕಾದ ಮಾತು, ನಿಜ. ಆದರೆ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಆಮೇಲೆ ಚುನಾವಣೆಯೇ ಇಲ್ಲದೆ ವರ್ಷಗಳು ಕಳೆದವು. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಐದು ಪಾಲಿಕೆಗಳಾದವು. ಇಷ್ಟು ಕಾಲ ನಮ್ಮ ಬೀದಿಯವರು ಮುಖ ನೋಡಿ ಮಾತಾಡಬಹುದಾಗಿದ್ದ ಜನಪ್ರತಿನಿಧಿ ಅಂದರೆ ನೀವೊಬ್ಬರೇ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನನ್ನ ಅಮ್ಮ ಸಂಜೆ ಹೊತ್ತು ಹೊರಗೆ ಹೋಗುವುದನ್ನು ಬಿಟ್ಟಿದ್ದಾರೆ. ಕಾಲುನೋವಿಗಲ್ಲ, ಭಯಕ್ಕೆ. ಮನೆಯಿಂದ ಪಾರ್ಕ್ ದೂರವೇನಿಲ್ಲ. ಆದರೆ ಅಷ್ಟರೊಳಗೆ ಎಷ್ಟೋ ಸಲ ಫುಟ್‌ಪಾತ್ ಹತ್ತಬೇಕು, ಇಳಿಯಬೇಕು, ರಸ್ತೆಗೆ ಬರಬೇಕು, ಹಿಂದಿನಿಂದ ಬೈಕ್ ಬಂತಾ ಅಂತ ತಿರುಗಿ ನೋಡಬೇಕು. ಮೊದಲು ಪಾರ್ಕಿನಲ್ಲಿ ಸಿಗುತ್ತಿದ್ದ ಅವರ ವಯಸ್ಸಿನವರೂ ಒಬ್ಬೊಬ್ಬರಾಗಿ ಮನೆ ಸೇರಿದ್ದಾರೆ. ಊರು ಇಷ್ಟು ಬೆಳೆದಿದೆ, ಅವರ ಓಡಾಟ ಮಾತ್ರ ಗೇಟಿನವರೆಗೆ ಬಂದು ನಿಂತಿದೆ. ಇದನ್ನು ನೋಡಿಕೊಂಡು ಸುಮ್ನೆ ಇರಲು ನನಗಾಗುವುದಿಲ್ಲ.

ಹೀಗೆ ಯಾಕಾಯಿತು ಅಂತ ನಡೆದು ನೋಡಿದವರಿಗೆ ಗೊತ್ತು. ನಮ್ಮ ಕಡೆ ಬಹುಪಾಲು ಫುಟ್‌ಪಾತ್ ಅಂದರೆ ಮೋರಿಯ ಮೇಲೆ ಹಾಸಿದ ಕಲ್ಲುಚಪ್ಪಡಿ. ಹೂಳು ತೆಗೆಯಲು ಚಪ್ಪಡಿ ಎತ್ತುತ್ತಾರೆ, ಸರಿಯಾಗಿ ಕೂರಿಸುವುದಿಲ್ಲ. ಎತ್ತಿದ ಹೂಳು ಪಕ್ಕದಲ್ಲೇ ಒಣಗಿ, ಮಳೆ ಬಂದಾಗ ಮತ್ತೆ ಮೋರಿಗೇ ಇಳಿಯುತ್ತದೆ. ನೀರಿನ ಪೈಪಿಗೆ ಒಮ್ಮೆ ಅಗೆತ, ಕರೆಂಟ್ ಕೇಬಲ್‌ಗೆ ಒಮ್ಮೆ, ಇಂಟರ್‌ನೆಟ್ ಕೇಬಲ್‌ಗೆ ಇನ್ನೊಮ್ಮೆ. ಅಗೆದವರು ಒಬ್ಬರು, ಮುಚ್ಚಬೇಕಾದವರು ಇನ್ನೊಬ್ಬರು.

ಇನ್ನೊಂದು ಕಾರಣ ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹಳೆ ಡಾಂಬರು ಕೆರೆದು ತೆಗೆಯದೆ ಅದರ ಮೇಲೇ ಹೊಸ ಪದರ ಹಾಕುತ್ತಾ ಹೋದರೆ ರಸ್ತೆ ಮೇಲೇರುತ್ತದೆ. ಮಳೆನೀರು ಮನೆಯೊಳಗೆ ನುಗ್ಗುತ್ತದೆ. ಹೊಸ ಮನೆ ಕಟ್ಟುವವರು ಹೆದರಿ ತಳಪಾಯ ಇನ್ನೂ ಎತ್ತರಿಸುತ್ತಾರೆ. ಆಗ ಕಾರು ಒಳಗೆ ಹೋಗಲು ಗೇಟಿನ ಮುಂದೆ ಇಳಿಜಾರು ಬೇಕು, ಅದು ಚಾಚುವುದು ಫುಟ್‌ಪಾತ್ ಮೇಲೆ. ಹೀಗೆ ಮನೆಗೊಂದು ಇಳಿಜಾರು. ಮನೆಯವರನ್ನು ಬೈದು ಪ್ರಯೋಜನ ಇಲ್ಲ, ಅವರು ನೀರಿನಿಂದ ತಪ್ಪಿಸಿಕೊಳ್ಳುತ್ತಿದ್ದಾರೆ. ರಸ್ತೆಯ ಮಟ್ಟ ಏರದಂತೆ ನೋಡಿಕೊಳ್ಳುವುದು ಕಾಮಗಾರಿ ಮಾಡಿಸುವವರ ಕೆಲಸ.

ನಿಯಮ ಇಲ್ಲವೇ ಅಂದರೆ ಇದೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ ಪ್ರಕಾರ ಫುಟ್‌ಪಾತ್‌ನಲ್ಲಿ ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದ ಅಗಲ ಇರಬೇಕು, ಎತ್ತರ 150 ಮಿಲಿಮೀಟರ್‌ಗಿಂತ ಜಾಸ್ತಿ ಇರಬಾರದು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಓಡಾಡಲು ಸರಿಯಾದ ಫುಟ್‌ಪಾತ್ ಸಿಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಹೇಳಿದೆ. ಅದು ಅಂಗವಿಕಲರಿಗೂ ಬಳಸಲು ಆಗುವಂತಿರಬೇಕು ಅಂತಲೂ ಹೇಳಿದೆ.

ನಮ್ಮಿಂದ ಆಗುವುದಿಲ್ಲ ಅಂತಲೂ ಅಲ್ಲ. ನಗರದ ರಸ್ತೆಗಳನ್ನು ಹೊಸದಾಗಿ ಕಟ್ಟುವ ಟೆಂಡರ್‌ಶೂರ್ ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆ, ಮ್ಯೂಸಿಯಂ ರಸ್ತೆ, ಚರ್ಚ್ ಸ್ಟ್ರೀಟ್ ಮಾಡಿದಾಗ ಪೈಪು, ಕೇಬಲ್‌ಗಳಿಗೆ ನೆಲದೊಳಗೇ ಜಾಗ ಮಾಡಿದರು. ಅಲ್ಲಿ ಅಮ್ಮನ ಕೈ ಹಿಡಿಯದೆ ಜೊತೆಗೆ ನಡೆಯಬಹುದು. ಆದರೆ ಅಮ್ಮ ಇರುವುದು ಅಲ್ಲಿ ಅಲ್ಲ. 2011ರ ಜನಗಣತಿಯಲ್ಲೇ 84 ಲಕ್ಷ ಜನ ಇದ್ದ ಊರಿದು. ಅವರಲ್ಲಿ ಹೆಚ್ಚಿನವರ ಬದುಕು ನಡೆಯುವುದು ನಮ್ಮಂಥ ಬೀದಿಗಳಲ್ಲಿ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸಿನ ಟಿಕೆಟ್ ಚಿಂತೆ ಹೋಯಿತು. ಎಷ್ಟು ಒಳ್ಳೆಯ ಕೆಲಸ ಅದು! ಆದರೆ ಬಸ್ಸು ಹತ್ತುವ ಮೊದಲು, ಇಳಿದ ಮೇಲೆ, ಎಲ್ಲರೂ ನಡೆಯಲೇಬೇಕು ಅಲ್ವಾ? ಗಾರ್ಮೆಂಟ್ಸ್‌ನಿಂದ ಕತ್ತಲಾದ ಮೇಲೆ ಬರುವ ಹೆಣ್ಣುಮಕ್ಕಳು ಬಸ್‌ಸ್ಟಾಪಿನಿಂದ ಮನೆವರೆಗೆ ರಸ್ತೆ ಮಧ್ಯೆಯೇ ನಡೆಯುತ್ತಾರೆ, ಮೊಬೈಲ್ ಟಾರ್ಚ್ ಹಿಡಿದುಕೊಂಡು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆಯ ಮಾತು ನಡೆಯುವ ಊರಿನಲ್ಲಿ ಅವರ ದಾರಿಗೆ ಒಂದು ಸರಿಯಾದ ದೀಪ, ಅಲುಗಾಡದ ಚಪ್ಪಡಿ ಕೇಳುವುದು ಜಾಸ್ತಿಯಾಯಿತೇ?

ಒಂದು ಭಯವೂ ಇದೆ. ಫುಟ್‌ಪಾತ್ ತೆರವು ಅಂದ ಕೂಡಲೇ ಲಾರಿ ಬಂದು ಸೊಪ್ಪು, ಹೂವು ಮಾರುವವರ ಬುಟ್ಟಿ ಎತ್ತಿಕೊಂಡು ಹೋಗುತ್ತದೆ. ದಯವಿಟ್ಟು ನನ್ನ ಪತ್ರವನ್ನು ಅದಕ್ಕೆ ಬಳಸಬೇಡಿ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ಜಾಗ ಗುರುತಿಸಿ ಕೊಡಿ ಅನ್ನುತ್ತದೆ. ಹೂವಿನವರು ಕೂತಿರುವ ಮೂಲೆಯಲ್ಲಿ ಬೆಳಕಿರುತ್ತದೆ, ಜನ ಇರುತ್ತಾರೆ. ನಡೆಯುವವರಿಗೆ ಅದೇ ಧೈರ್ಯ. ಮೊದಲು ತೆಗೆಸಬೇಕಾದದ್ದು ಹಗಲೂ ರಾತ್ರಿ ಫುಟ್‌ಪಾತ್ ಮೇಲೆ ನಿಂತ ಕಾರುಗಳನ್ನು. ಕೈಗೆಟುಕುವಂತಿರುವ ಟ್ರಾನ್ಸ್‌ಫಾರ್ಮರ್‌ಗಳನ್ನೂ ಸರಿಸಬೇಕು.

ನನ್ನ ಬೇಡಿಕೆ ಇಡೀ ಬೆಂಗಳೂರಿನದಲ್ಲ. ನಮ್ಮ ಕ್ಷೇತ್ರದ ಒಂದು ವಾರ್ಡ್ ಆರಿಸಿಕೊಳ್ಳಿ. ಅಲ್ಲಿನ ಪ್ರತಿ ಬಸ್‌ಸ್ಟಾಪ್, ಪ್ರತಿ ಶಾಲೆಯ ಗೇಟಿನಿಂದ ಅರ್ಧ ಕಿಲೋಮೀಟರ್‌ವರೆಗಿನ ಫುಟ್‌ಪಾತ್ ಪೂರ್ತಿ ಮಾಡಿಸಿ. ಬೈಕ್ ತಡೆಯಲು ಕಂಬ ನೆಡುವಾಗ ಗಾಲಿಕುರ್ಚಿ ದಾಟುವಷ್ಟು ಜಾಗ ಬಿಡಿಸಿ. ಕೆಲಸ ಮುಗಿಯಿತು ಅಂತ ಗುತ್ತಿಗೆದಾರರು ಬಿಲ್ ತಂದಾಗ, ಆ ಬೀದಿಯವರನ್ನು ಕರೆದು ಎಲ್ಲರೆದುರು ಒಂದು ಗಾಲಿಕುರ್ಚಿಯನ್ನು ಈ ತುದಿಯಿಂದ ಆ ತುದಿಗೆ ತಳ್ಳಿಸಿ. ಎಲ್ಲೂ ಎತ್ತದೆ, ರಸ್ತೆಗೆ ಇಳಿಸದೆ ಅದು ಹೋಗಿ ಮುಟ್ಟಿದರೆ ಮಾತ್ರ ಹಣ ಕೊಡಲು ಹೇಳಿ. ಕುರ್ಚಿ ತಳ್ಳಲು ನಾನು ಬರುತ್ತೇನೆ. ಯಾವ ವಾರ್ಡ್, ಯಾವಾಗ ಶುರು ಅಂತ ತಿಳಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ