ರಕ್ತದಾನಕ್ಕೆ ಹುಟ್ಟುಹಬ್ಬವೇ ಬರಬೇಕಾ?

ಸಂಪಾದಕರೇ,

ನಾಯಕರ ಹುಟ್ಟುಹಬ್ಬ, ಸಂಘದ ವಾರ್ಷಿಕೋತ್ಸವ, ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ ಬಂದರೆ ಶಿಬಿರಗಳಲ್ಲಿ ಜನ ಸಾಲು ನಿಲ್ಲುತ್ತಾರೆ. ಬಹಳ ಒಳ್ಳೆಯದು. ಆದರೆ ಬೇಸಿಗೆಯಲ್ಲಿ ಕಾಲೇಜುಗಳಿಗೆ ರಜೆ ಬಿದ್ದ ಕೂಡಲೇ ಶಿಬಿರಗಳು ಕಮ್ಮಿಯಾಗಿ ರಕ್ತನಿಧಿಗಳಲ್ಲಿ ಕೊರತೆ ಶುರುವಾಗುತ್ತದೆ. ರಕ್ತವನ್ನು ವರ್ಷವಿಡೀ ಕೂಡಿಡಲು ಆಗುವುದಿಲ್ಲ ಅಲ್ವಾ? ಕೆಂಪು ರಕ್ತಕಣ ಹೆಚ್ಚೆಂದರೆ 42 ದಿನ ಬರುತ್ತದೆ, ಪ್ಲೇಟ್‌ಲೆಟ್ ಬರೀ 5 ದಿನ. ತೀವ್ರ ಥಲಸ್ಸೀಮಿಯಾ (ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ) ಇರುವ ಮಕ್ಕಳಿಗಂತೂ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಲೇಬೇಕು, ಅವರ ಅಪ್ಪ ಅಮ್ಮ ಪ್ರತಿ ಸಲ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ದಾನಿಗಳಿಗಾಗಿ ಅಂಗಲಾಚುವುದನ್ನು ನೋಡಿದರೆ ಸಂಕಟವಾಗುತ್ತದೆ.

18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕೆ.ಜಿ. ತೂಕದ ಆರೋಗ್ಯವಂತರು ರಕ್ತ ಕೊಡಬಹುದು. ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕು, ಅದನ್ನು ಅಲ್ಲೇ ನೋಡುತ್ತಾರೆ. ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ. ಶಿಬಿರಕ್ಕೆ ಕಾಯುವುದೇ ಬೇಡ, ರಕ್ತನಿಧಿಗೆ ನೇರ ಹೋದರಾಯಿತು. ಹತ್ತಿರದ್ದು ಯಾವುದೆಂದು ಸರ್ಕಾರದ ಇ-ರಕ್ತಕೋಶ್ ಜಾಲತಾಣದಲ್ಲಿ ಸಿಗುತ್ತದೆ. ಕಚೇರಿ, ಕಾರ್ಖಾನೆಗಳು ಏಪ್ರಿಲ್, ಮೇ ತಿಂಗಳಲ್ಲೇ ಶಿಬಿರ ಇಟ್ಟುಕೊಂಡರೆ ಇನ್ನೂ ಉಪಕಾರ. ಜಿಲ್ಲೆಯಲ್ಲಿ ಯಾವ ಗುಂಪಿನ ರಕ್ತ ಕಮ್ಮಿ ಇದೆ ಎಂದು ನಿಮ್ಮ ಪತ್ರಿಕೆಯೂ ವಾರಕ್ಕೊಮ್ಮೆ ಒಂದು ಮೂಲೆಯಲ್ಲಿ ಹಾಕಲಿ.

– ಒಬ್ಬ ಓದುಗ, ದಾವಣಗೆರೆ