ಆ ರಾತ್ರಿ ಪಾಳಿಯ ಸಿಸ್ಟರ್ ಅವರಿಗೆ

ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ಮೇಲೆ ನನ್ನ ಹೊಟ್ಟೆನೋವು ಇಳಿಯುವ ಬದಲು ಏರುತ್ತಲೇ ಹೋಯಿತು. ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪ್ರೊಸ್ಕೋಪಿ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಗೆ ತುಂಬುವ ಅನಿಲದಿಂದ ಭುಜ ನೋಯುವುದು ಸಹಜ, ಅದು ಕೆಲವೇ ದಿನಗಳಲ್ಲಿ ತಗ್ಗುತ್ತದೆ. ಇದು ಆ ನೋವಲ್ಲವೆಂದು ಎಷ್ಟು ಹೇಳಿದರೂ ರೌಂಡ್ಸ್‌ಗೆ ಬಂದ ವೈದ್ಯರು "ಗ್ಯಾಸ್ ಅಷ್ಟೇ, ಓಡಾಡಿ" ಎಂದು ಮುಂದಿನ ಮಂಚಕ್ಕೆ ನಡೆದರು.

ಸಿಸ್ಟರ್, ನಿಮ್ಮ ಹೆಸರು ಕೇಳುವ ತ್ರಾಣವೂ ನನಗಿರಲಿಲ್ಲ. ನೀವು ಸ್ಟೂಲ್ ಎಳೆದುಕೊಂಡು ಕುಳಿತು, "ಬ್ಯಾನಿ ಎಲ್ಲೈತಿ, ಬೆರಳಿಟ್ಟು ತೋರಸ್ರಿ ಅಕ್ಕಾ" ಎಂದಿರಿ. ಹೊಟ್ಟೆ ಮುಟ್ಟುವ ಮುನ್ನ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡಿರಿ. ನಾಡಿ, ಜ್ವರ ನೋಡಿ, 0ಯಿಂದ 10ರವರೆಗೆ ನೋವು ಎಷ್ಟೆಂದು ಕೇಳಿ, ವೇಳೆಯ ಸಮೇತ ಕೇಸ್ ಶೀಟಿನಲ್ಲಿ ಬರೆದಿರಿ. "ಡಾಕ್ಟರ್ ಮುಂದ ಬರೇ ನೋವು ಅನಬ್ಯಾಡ್ರಿ, ನಿನ್ನೆಗಿಂತ ಹೆಚ್ಚಾಗೈತಿ, ಚಳಿಜ್ವರ ಐತಿ, ಸ್ಕ್ಯಾನ್ ಮಾಡಸ್ರಿ ಅನ್ರಿ" ಎಂದು ಹೇಳಿಕೊಟ್ಟು, ಹಿರಿಯ ಸರ್ಜನ್‌ಗೆ ನೀವೇ ಫೋನ್ ಮಾಡಿ, ಅವರೆದುರು ನಾನು ಮಾತು ಮುಗಿಸುವವರೆಗೂ ಪಕ್ಕದಲ್ಲೇ ನಿಂತಿರಿ.

ಸ್ಕ್ಯಾನಿನಲ್ಲಿ ಪಿತ್ತರಸ ಸೋರಿ ನಿಂತಿರುವುದು ಕಂಡಿತು. ನಳಿಕೆ ಹಾಕಿ ಹೊರತೆಗೆದರು. ಆದರೆ ನನ್ನ ಎದೆ ಹಗುರಾದದ್ದು ಅದಕ್ಕೂ ಮೊದಲೇ, ನನ್ನ ಮಾತನ್ನು ನಂಬಿದವರೊಬ್ಬರು ಸಿಕ್ಕಾಗಲೇ. ಡಿಸ್ಚಾರ್ಜ್ ದಿನ ನಿಮ್ಮನ್ನು ವಿಚಾರಿಸಿದೆ, ಪಾಳಿ ಬದಲಾಗಿತ್ತು. ಆದ್ದರಿಂದ ನನ್ನ ನಮಸ್ಕಾರವನ್ನು ಇಲ್ಲಿಂದಲೇ ಸಲ್ಲಿಸುತ್ತಿದ್ದೇನೆ.